ಹಗ್ಗ ತಿಂದ ಕಂಬ

ಸರಪಳಿ ಬಿಗಿಯಲು ಬಗ್ಗಿದ ವಿರೂಪಾಕ್ಷ ಹಾಗೇ ನಿಂತುಬಿಟ್ಟ. ಮುಳ್ಳುಪೊದೆ ಸವರಿದ ಮೇಲೆ ಕಾಲುವೆಯ ತಿರುವಿನಲ್ಲಿ ಬಯಲಿಗೆ ಬಿದ್ದ ಹಳೇ ಓಕ್ ಕಂಬ. ಎದೆಯೆತ್ತರ, ಮೈತುಂಬ ಪಾಚಿ. ಉಜ್ಜಿ ನೋಡಿದರೆ ಹೆಬ್ಬೆರಳು ಹಿಡಿಸುವಷ್ಟು ಆಳದ ಗೀರುಗಳು, ಏಳೆಂಟು. ಎಲ್ಲವೂ ಕಾಲುವೆಯ ಕಡೆಯ ಮಗ್ಗುಲಿಗೇ.

“ಏನ್ ಗುರು, ಕಂಬಕ್ಕೆ ಪೂಜೆ ಮಾಡ್ತಿದ್ದೀಯಾ?” ಹಿಂದಿನಿಂದ ಯತಿರಾಜನ ದನಿ. ನ್ಯೂವೆಗೈನ್ ಎಂಬ ಡಚ್ ಪಟ್ಟಣದಾಚೆಯ ಈ ಹಳೇ ದಂಡೆ ಹಾದಿಯನ್ನು ಸೈಕಲ್ ದಾರಿ ಮಾಡುವ ಕೆಲಸಕ್ಕೆ ಅವನೇ ಎಂಜಿನಿಯರು, ಬೆಂಗಳೂರಿನವನು. “ಚೈನ್ ಹಾಕು. ಹತ್ತೂವರೆಗೆ ಜಲ್ಲಿ ಲಾರಿ ಬರುತ್ತೆ.”

“ಇದನ್ನ ಕೀಳಾಕ ಬರಂಗಿಲ್ಲ ಸರ. ಹಗ್ಗದ ಗುರುತು ಐತಿ.”

“ದೋಣಿ ಕಟ್ಟಿರ್ತಾರೆ, ಬಿಡು.”

“ಕಟ್ಟಿದ ಹಗ್ಗ ಸುತ್ತೂ ತಿಂತೈತಿ. ಹರದಾಡೂ ಹಗ್ಗ ಒಂದ ಮಗ್ಗಲಾ ತಿಂತೈತಿ. ನಮ್ಮೂರ ಸೇದೂ ಬಾವಿ ಕಲ್ಲು ಥೇಟ್ ಹಿಂಗ ಐತಿ. ಇಲ್ಲೆ ಏನೋ ಎಳದಾರ, ಭಾಳ ವರ್ಷ ಎಳದಾರ.”

ಯತಿರಾಜ ನಗುತ್ತ ಕೈಯಲ್ಲಿದ್ದ ನಕ್ಷೆ ತೋರಿಸಿದ. “ಡ್ರಾಯಿಂಗಲ್ಲಿ ಈ ಕಂಬಾನೇ ಇಲ್ಲ. ಇಲ್ಲದೇ ಇರೋದನ್ನ ಕಿತ್ರೆ ಯಾರ್ ಕೇಳ್ತಾರೆ?”

“ಡ್ರಾಯಿಂಗಿನ್ಯಾಗ ಇಲ್ಲಂದ್ರ ನಿಮ್ಮ ಕಣ್ಣಾಗೂ ಇಲ್ಲೇನ್ರಿ?”

ನಗು ನಿಂತಿತು. “ನೋಡು, ಇದನ್ನ ಮಾಡೋಕೆ ನಾನು ಆರು ವರ್ಷ ಓದಿದೀನಿ. ಚೈನ್ ಹಾಕು. ಇಲ್ಲಾ, ಗ್ಲೌಸ್ ಬಿಚ್ಚಿಟ್ಟು ಮನೆಗೆ ಹೋಗು.”

ವಿರೂಪಾಕ್ಷನ ನೆತ್ತಿಗೆ ಬೆಂಕಿ ಹತ್ತಿತು. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವನು. ಯಾರಾದರೂ ತಮ್ಮ ಓದಿನ ಲೆಕ್ಕ ಹೇಳಿದರೆ ಅವನ ಕೈ ತಾನಾಗಿ ಮುಷ್ಟಿಯಾಗುತ್ತಿತ್ತು. ಹೆಂಡತಿಯ ನೌಕರಿಯ ಬೆನ್ನಿಗೆ ಈ ದೇಶಕ್ಕೆ ಬಂದ ಮೇಲೆ ಎರಡು ಗೋದಾಮಿನ ಕೆಲಸಗಳನ್ನು ಹೀಗೇ ಗ್ಲೌಸ್ ಎಸೆದು ಬಿಟ್ಟು ಬಂದಿದ್ದ. ಬೆಳಿಗ್ಗೆ ಡಬ್ಬಿ ಕಟ್ಟುತ್ತ ವಾಣಿಶ್ರೀ ಹೇಳಿದ್ದಳು: “ಇದೊಂದರ ಉಳಿಸ್ಕೋರಿ.”

ಒಂದು ಗ್ಲೌಸ್ ಬಿಚ್ಚಿದ. ಎಸೆಯಲಿಲ್ಲ. ಕಂಬಕ್ಕೆ ಬೆನ್ನು ಕೊಟ್ಟು ಕೂತು, ಮಣ್ಣೆತ್ತುವ ಯಂತ್ರದೊಳಗಿದ್ದ ಮುದುಕ ಬೆರ್ಟ್‌ನನ್ನು ಕೈಬೀಸಿ ಕರೆದ. “ಅವ್ರು ಇಲ್ಲಿಯವ್ರು ಸರ. ನೋಡಿ ಕೀಳು ಅಂದ್ರ ನಾನ ಕೀಳತೀನಿ.”

ಬೆರ್ಟ್ ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. ಇಳಿದು ಬಂದು, ಕನ್ನಡಕ ಏರಿಸಿ, ಗೀರುಗಳ ಮೇಲೆ ಬೆರಳಾಡಿಸಿದ. ಯಂತ್ರಕ್ಕೆ ಹಿಂದಿರುಗಿ ಒಂದು ದಪ್ಪ ಹಗ್ಗ ತಂದ. ಒಂದು ತುದಿಯನ್ನು ಎಂಜಿನಿಯರನ ಸೊಂಟಕ್ಕೆ ಸುತ್ತಿ ನೀರಿನಂಚಿಗೆ ನಿಲ್ಲಿಸಿದ: ನೀನು ದೋಣಿ. ಇನ್ನೊಂದನ್ನು ವಿರೂಪಾಕ್ಷನ ಹೆಗಲಿಗೇರಿಸಿದ: ನೀನು ಕುದುರೆ, ತಿರುವು ದಾಟಿ ನಡಿ.

ವಿರೂಪಾಕ್ಷ ನಡೆದ. ತಿರುವಿನಲ್ಲಿ ಹಗ್ಗ ಕಂಬಕ್ಕೆ ತಾಗಿ, ಸರಿದು, ಗೀರಿನೊಳಗೆ ಕುಳಿತಿತು, ನಿನ್ನೆ ತಾನೆ ಅಲ್ಲಿಂದ ತೆಗೆದಿಟ್ಟ ಹಾಗೆ. ಹಿಂದೆ ಯತಿರಾಜ ಕೆಸರಲ್ಲಿ ಬೂಟು ಜಾರಿಸುತ್ತ, “ಲೋ, ನಿಧಾನ, ನಿಧಾನ,” ಎನ್ನುತ್ತ ದಂಡೆಗುಂಟ ಬಂದ. ಕುದುರೆಗೆ ನಗು ತಡೆಯಲಾಗಲಿಲ್ಲ. ಸ್ವಲ್ಪ ಹೊತ್ತಿಗೆ ದೋಣಿಯೂ ನಕ್ಕಿತು.

“ರೋಲ್‌ಪಾಲ್,” ಎಂದ ಬೆರ್ಟ್. ಕುದುರೆಗಳು ದಂಡೆಯ ಮೇಲೆ ನಡೆದು ದೋಣಿ ಎಳೆಯುತ್ತಿದ್ದ ಕಾಲದ ಹಗ್ಗದ ಕಂಬ. ಇದಿಲ್ಲದಿದ್ದರೆ ತಿರುವಿನಲ್ಲಿ ದೋಣಿ ದಂಡೆಗೆ ಬಡಿಯುತ್ತಿತ್ತು. ಈ ದಂಡೆಯಲ್ಲಿ ಒಂದೂ ಉಳಿದಿಲ್ಲವೆಂದು ಅವನೂ ನಂಬಿದ್ದ.

ಯತಿರಾಜ ಸೊಂಟದ ಹಗ್ಗ ಬಿಚ್ಚುವುದನ್ನೂ ಮರೆತು ಪುರಸಭೆಗೆ ಫೋನು ಮಾಡಿದ, ಬಹಳ ಹೊತ್ತು ಮಾತಾಡಿದ. ಆಮೇಲೆ ಬಣ್ಣದ ಡಬ್ಬಿ ತಂದು ಸೈಕಲ್ ದಾರಿಗೆಂದು ನೆಲದ ಮೇಲೆ ಎಳೆದಿದ್ದ ಬಿಳಿ ಗೆರೆಯನ್ನು ಮಣ್ಣಿನಿಂದ ಮುಚ್ಚಿ, ಕಂಬವನ್ನು ಬಳಸಿ ಹೊಸದೊಂದು ಎಳೆದ. ಜಲ್ಲಿ ಲಾರಿ ಅಷ್ಟೂ ಹೊತ್ತು ಕಾದಿತ್ತು.

ಮಧ್ಯಾಹ್ನ ಕಂಬಕ್ಕೆ ಒರಗಿ ರೊಟ್ಟಿ ಮುರಿಯುವಾಗ ವಾಣಿಶ್ರೀಯ ಫೋನು. “ಇವತ್ತ ಯಾರ ಜೋಡಿನೂ ಜಗಳಾ ಆಡಿಲ್ಲಲ್ರಿ?”

“ಆಡೀನಿ.”

“ಹಂಗಾರ ಇದೂ ಹೋತೇನ್ರಿ?”

“ಇಲ್ಲ,” ಎಂದ, ಹೆಬ್ಬೆರಳನ್ನು ಗೀರಿನಲ್ಲಿ ಆಡಿಸುತ್ತ. “ಈ ಸಲ ನಾ ಅಲ್ಲ, ಹಾದೀನ ಒಂದ ಮಾರು ಆಚೀಕ ಸರದೈತಿ.”