ಗುಲಾಬಿ ಕೂರುವ ಕಡೆ

ಕಡಲನ್ನು ಗಾಜಿನ ತೊಟ್ಟಿಗಳಲ್ಲಿ ತುಂಬಿ ಮನೆಮನೆಗೆ ಹಂಚಿದಾಗ ನನ್ನ ಪಾಲಿಗೆ ಬಂದದ್ದು ಎಲ್ಲಕ್ಕಿಂತ ನೀಲಿಯಾದ ತುಂಡು. ನೋಡಿದ ಊರೇ ಕಣ್ಣುಜ್ಜಿಕೊಂಡಿತು. ಹಂಚಿದರೂ ಕಡಲು ಒಂದೇ ತಾನೆ, ಹಾಗಾಗಿ ಮೀನುಗಳು ಒಬ್ಬರ ತೊಟ್ಟಿಯಲ್ಲಿ ಮುಳುಗಿ ಇನ್ನೊಬ್ಬರ ಮನೆಯಲ್ಲಿ ಏಳುತ್ತವೆ.

ಈಚೆಗೆ ಅವೆಲ್ಲ ಮಹಡಿಯಲ್ಲಿರುವ ನನ್ನ ಓರಗಿತ್ತಿ ಗುಲಾಬಿಯ ಕೊಡದಷ್ಟು ಚಿಕ್ಕ ತೊಟ್ಟಿಯಲ್ಲೇ ಬಿಡಾರ ಹೂಡಿದ್ದವು. ನನ್ನ ಹೊಟ್ಟೆಯುರಿಯಲ್ಲಿ ಇಡೀ ಊರಿಗೆ ಅನ್ನ ಬೇಯಿಸಬಹುದಿತ್ತು. ಅದಕ್ಕೇ ನನ್ನ ತೊಟ್ಟಿಗೆ ಆನೆ ಕೂತರೂ ಅಲುಗದ ಸ್ಟ್ಯಾಂಡ್ ಮಾಡಿಸಲು ಬಡಗಿ ಸಂಜೀವ ಆಚಾರ್ರನ್ನು ಕರೆಸಿದೆ.

"ಕೆಳಗೆ ಪಂಪು, ಫಿಲ್ಟರಿಗೆ ಕಪಾಟು ಬೇಕು ಆಚಾರ್ರೆ. ಗುಲಾಬಿಯದ್ದಕ್ಕಿಂತ ಒಂದು ಗೇಣು ಎತ್ತರ ಇರ್ಲಿ."

ಅಷ್ಟರಲ್ಲಿ ಗುಲಾಬಿಯೇ ಇಳಿದು ಬಂದಳು. "ಎಂತ ಅಕ್ಕ, ಅರಮನೆ ಕಟ್ಟಿಸ್ತಿದ್ದೀರಾ?" ಎನ್ನುತ್ತ ತೊಟ್ಟಿಯ ಎಡಗಡೆ ಕುಳಿತಳು. ಖಾಲಿಯಿದ್ದ ನನ್ನ ನೀರಿನ ತುಂಬ ಮೀನು! ಲಕ್ಷವಾದರೂ ಇದ್ದವು, ಎಲ್ಲವೂ ಅವಳ ಕಡೆಯ ಗಾಜಿಗೆ ಮೂತಿ ಒತ್ತಿ ನಿಂತವು. ಕಾಫಿ ಕುಡಿದು ಅವಳು ಮೇಲೆ ಹೋದಳು. ಮೀನುಗಳೂ ಹೋದವು.

"ಕಪಾಟು ಎಡಗಡೆ ಮಾಡಿ, ಸೂರು ಮುಟ್ಟುವಷ್ಟು," ಎಂದು ಹಲ್ಲು ಕಡಿದೆ. "ಅವಳಿಗೆ ಕೂರ್ಲಿಕ್ಕೆ ಜಾಗವೇ ಇರಬಾರ್ದು."

ಆಚಾರ್ರು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡರು. "ಅವ್ರು ಕೂರದಿದ್ರೆ ಮೀನು ಬರ್ತದಾ ಅಮ್ಮ?"

ನಾನು ಎಡಗಡೆಯ ಜಾಗವನ್ನು ಗೇಣು ಹಾಕಿ ಅಳೆದೆ.

"ಹಾಗಾದ್ರೆ ಪಂಪು ಹಿಂದೆ ಎಲ್ಲಾದ್ರೂ ಇಡಿ. ಎಡಗಡೆ ಅವಳಿಗೊಂದು ಕುರ್ಚಿ ಸೇರಿಸಿ, ಒಳ್ಳೆ ಮೆತ್ತೆ ಹಾಕಿ," ಎಂದೆ. "ಆದ್ರೆ ನನ್ನ ಕುರ್ಚಿಗಿಂತ ತಗ್ಗು ಇರ್ಲಿ, ಆಚಾರ್ರೆ."