ಸದ್ದಾಗದ ಕಾಯಿ

ಅಟ್ಟದಿಂದ ಕೊಬ್ಬರಿಯ ವಾಸನೆ ಬಂದಾಗಲೆಲ್ಲ, ಈಗ ನನ್ನ ಮಗನೇ ಹತ್ತನೇ ತರಗತಿಯಲ್ಲಿದ್ದರೂ, ತೀರಿಹೋದ ಅಪ್ಪನ ಮೇಲೆ ನನಗೆ ಸಿಟ್ಟು ಬರುತ್ತದೆ.

ಅವತ್ತು ಮಧ್ಯಾಹ್ನ ಅಪ್ಪ ಅಂಗಳದಲ್ಲಿ ಕೂತು, ವರ್ಷದಿಂದ ಅಟ್ಟದಲ್ಲಿದ್ದ ತೆಂಗಿನಕಾಯಿಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದ. ಒಳಗೆ ಗುಡುಗುಡು ಸದ್ದಾದರೆ ಕೊಬ್ಬರಿ ಒಣಗಿದೆ ಎಂದರ್ಥ. ಸದ್ದಾಗದಿದ್ದರೆ ಮತ್ತೆ ಅಟ್ಟಕ್ಕೆ. ನಾನು ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಒಂದರಲ್ಲಿ ಫೇಲಾಗಿದ್ದೆ. ಮೂರು ದಿನದಿಂದ ನುಂಗಿಕೊಂಡಿದ್ದ ಮಾತನ್ನು ಕೊನೆಗೂ ಹೇಳಿದೆ.

“ಅಪ್ಪಾ, ಇನ್ನೊಂದ್ ತಿಂಗ್ಳಿಗೆ ಮತ್ತೆ ಪರೀಕ್ಷೆ ಐತೆ. ಕಟ್ತೀನಿ.”

“ಯಾವ್ ಪರೀಕ್ಷೇನೂ ಬ್ಯಾಡ. ನಾಳೆಯಿಂದ ತೋಟಕ್ಕೆ ನಡಿ.”

ತೋಟದ ಕೆಲಸಕ್ಕೆ ನಾನು ಯಾವತ್ತೂ ಹೆದರಿದವನಲ್ಲ. ಆದರೆ ಶಾಲೆ ಬಿಡುವ ಮನಸ್ಸು ನನಗಿರಲಿಲ್ಲ.

ಆಳುಗಳ ಜೊತೆ ಕೂತು ಕಾಯಿ ಸುಲಿಯುತ್ತಿದ್ದ ರಂಗಜ್ಜ, “ಕಟ್ಲಿ ಬುಡಪ್ಪ, ಒಂದ್ ತಿಂಗ್ಳು ತಾನೆ” ಅಂದ.

“ಇವ್ನ ತಲೆ ಅಲ್ಲಾಡಿಸ್ ನೋಡಜ್ಜ, ಏನಾದ್ರೂ ಸದ್ದು ಬತ್ತೈತಾ?” ಅಂದ ಅಪ್ಪ.

ಆಳುಗಳೆಲ್ಲ ನಕ್ಕರು. ಅಪ್ಪ ನನ್ನ ಮುಖವನ್ನೂ ನೋಡದೆ ಸುಲಿದ ಒಂದು ಕಾಯಿಯನ್ನು ನನ್ನತ್ತ ಚಾಚಿದ. “ಇದಿನ್ನೂ ಆಗಿಲ್ಲ. ಜ್ವಾಪಾನವಾಗಿ ಅಟ್ಟಕ್ಕಿಡು. ಇನ್ನೊಂದ್ ತಿಂಗ್ಳು ಬುಟ್ರೆ ಒಳ್ಳೆ ಕೊಬ್ಬರಿ ಆಯ್ತೈತೆ.”

ನಾನು ಅದನ್ನು ಎತ್ತಿ ಬಟ್ಟೆ ಒಗೆಯುವ ಕಲ್ಲಿಗೆ ಬಡಿದೆ. ಕಾಯಿ ಹೋಳಾಯಿತು. ಒಳಗೆ ಕರಟಕ್ಕೆ ಅಂಟಿಕೊಂಡಿದ್ದ ಹಸಿ ತಿರುಳು ಕಾಣಿಸಿತು.

ಅಪ್ಪ ಓಡಿ ಬಂದು ಹೋಳುಗಳನ್ನು ಆಯ್ದುಕೊಂಡ. ಅವನ್ನು ಎರಡೂ ಕೈಯಲ್ಲಿ ಹಿಡಿದು, ನಿಜವಾಗಲೂ ನೊಂದವನಂತೆ ಕೂಗಿದ:

“ಒಂದ್ ತಿಂಗ್ಳು ತಡ್ಕಳಕ್ಕಾಗ್ಲಿಲ್ವೇನ್ಲಾ ನಿಂಗೆ?”