ತೊಂಬತ್ತಾರು ಗುಲಗಂಜಿ

ಮದುವೆಗೆ ಒಂಬತ್ತು ದಿನ ಇರುವಾಗ ಗಂಡಿನ ತಾಯಿ ಮುನಿವೆಂಕಟಮ್ಮ ಪದ್ಮನಾಭನಗರದ ಹೆಣ್ಣಿನ ಮನೆಗೆ ಬಂದಿಳಿದಳು. ಅಂಜನಾಪುರದಲ್ಲಿ ಮೂರು ಕಟ್ಟಡ ಬಾಡಿಗೆಗೆ ಬಿಟ್ಟಿರುವ ಹೆಂಗಸು. ಕೈಯಲ್ಲಿ ಒಂದು ಮೊಳ ಹೂವೂ ಇಲ್ಲ. ಚಾಪೆಯ ಮೇಲೆ ಕುಳಿತವಳೇ ವ್ಯಾನಿಟಿ ಬ್ಯಾಗಿನಿಂದ ಒಂದು ಪುಟ್ಟ ತಕ್ಕಡಿಯನ್ನೂ ಗುಲಗಂಜಿಯ ಚೀಲವನ್ನೂ ತೆಗೆದಳು.

“ನಮ್ಮತ್ತೆ ಕಾಲದ್ದು. ತೊಲಕ್ಕೆ ತೊಂಬತ್ತಾರು ಗುಲಗಂಜಿ. ಮಳೆಗೆ ಊದಲ್ಲ, ಬಿಸಿಲಿಗೆ ಒಣಗಲ್ಲ. ಒಂದು ಕಮ್ಮಿಯಾದ್ರೂ ಅದು ತೊಲ ಅಲ್ಲ.”

ಹೆಣ್ಣಿನ ಅಜ್ಜಿ ಕೆಂಪಕ್ಕ ಬಳೆಯ ಡಬ್ಬಿ ಮುಂದಿಟ್ಟಳು. ಒಪ್ಪಿದ್ದು ಎಂಟು ತೊಲ, ಇದ್ದದ್ದು ತೊಲಕ್ಕೊಂದರಂತೆ ಎಂಟು ಬಳೆ. ತನ್ನ ಕೊರಳಿನ ಅಡ್ಡಿಕೆ ಕರಗಿಸಿ ಮಾಡಿಸಿದ್ದು. ಅವಳ ಮೈಮೇಲೆ ಈಗ ಉಳಿದ ಚಿನ್ನವೆಂದರೆ ಕಿವಿಯ ಓಲೆ ಮಾತ್ರ.

ಮುನಿವೆಂಕಟಮ್ಮ ತುಟಿ ಕುಣಿಸುತ್ತ ಎಣಿಸಿ ತೊಂಬತ್ತಾರು ಗುಲಗಂಜಿ ಸುರಿದಳು, ಇನ್ನೊಂದು ತಟ್ಟೆಗೆ ಒಂದು ಬಳೆ ಇಟ್ಟಳು. ಬಳೆ ಮೇಲಕ್ಕೆ ಹೋಯಿತು. ತಟ್ಟೆ ಸಮಕ್ಕೆ ಬರಲು ಹದಿನಾಲ್ಕು ಕಾಳು ತೆಗೆಯಬೇಕಾಯಿತು.

“ಅಂಗಡೀಲಿ ತೊಲ ಅಂದ್ರೆ ಹತ್ತು ಗ್ರಾಂ ಅಂತಾರೆ ಅತ್ತೆ,” ಎಂದಳು ಮದುಮಗಳು ಹೇಮಶ್ರೀ.

“ಅಂಗಡಿಯೋರ ಮಾತು ಕಟ್ಕೊಂಡು ಸಂಸಾರ ಮಾಡೋಕಾಗುತ್ತಾ? ಬಳೆಗೆ ಹದಿನಾಲ್ಕು, ಎಂಟು ಬಳೆಗೆ ನೂರ ಹನ್ನೆರಡು. ಹೋಗ್ಲಿ, ಮೇಲಿನ ಹದಿನಾರು ಕಾಳು ನಾನೇ ಬಿಟ್ಟೆ. ಇನ್ನೊಂದು ತೊಲದ್ದು ಬಳೆ ಮಾಡ್ಸಿ.”

ಕೆಂಪಕ್ಕನ ಕೈ ತಾನಾಗಿ ಕಿವಿಗೆ ಹೋಯಿತು. ಓಲೆಯ ತಿರುಪನ್ನು ಅರ್ಧ ಸಡಿಲಿಸಿ, ನಿಂತಿತು.

“ಬೀಗ್ರೇ, ತಕ್ಕಡಿ ಹೇಗೂ ತೆಗ್ದಿದೀರಿ. ನೀವು ಹಾಕೋ ತಾಳಿ ಸರ ಒಂದು ತೊಲ ಅಂತಲ್ವಾ ಮಾತಾಗಿದ್ದು? ಅದನ್ನೂ ಇಟ್ಬಿಡಿ.”

“ಅದ್ಯಾಕೆ? ಅದು ಬಿಲ್ ಸಮೇತ ಅಂಗಡೀಲಿ ತಂದಿದ್ದು!”

“ಅಂಗಡಿಯೋರ ಮಾತು ಬೇಡ ಅಂದ್ರಲ್ಲ ಅತ್ತೆ, ಈಗ್ತಾನೆ,” ಎಂದ ಹೇಮಶ್ರೀ ಬ್ಯಾಗಿನ ಬಾಯಲ್ಲಿ ಇಣುಕುತ್ತಿದ್ದ ಸರದ ಪೆಟ್ಟಿಗೆಯನ್ನು ತಾನೇ ಎತ್ತಿಕೊಂಡಳು.

ತೊಂಬತ್ತಾರು ಕಾಳಿಗೆ ಎದುರಾಗಿ ಇಟ್ಟ ಸರ ಗಾಳಿಪಟದ ಹಾಗೆ ಏರಿತು. ಹೇಮಶ್ರೀ ಒಂದೊಂದೇ ಕಾಳು ತೆಗೆಯುತ್ತ ಹೋದಳು. ಎಪ್ಪತ್ತೆರಡು ಉಳಿದಾಗ ತಟ್ಟೆ ಸಮಕ್ಕೆ ನಿಂತಿತು. ಎಂಬತ್ತೆರಡು ಕಾಳಿನ ಅಂಗಡಿಯ ತೊಲಕ್ಕೂ ಹತ್ತು ಕಾಳು ಕಮ್ಮಿ.

“ಹಳೇ ಗುಲಗಂಜಿ... ಮೋಡ ಬೇರೆ ಮುಚ್ಕೊಂಡಿದೆ. ಊದ್ಕೊಂಡಿರ್ಬೇಕು,” ಎಂದಳು ಮುನಿವೆಂಕಟಮ್ಮ.

ಒಂಬತ್ತನೆಯ ಬಳೆಯ ಸುದ್ದಿ ಮತ್ತೆ ಏಳಲಿಲ್ಲ. ಅವಳು ಅವಸರದಲ್ಲಿ ತಕ್ಕಡಿ ಎಳೆದುಕೊಂಡಳು. ಕಾಳೆಲ್ಲ ಚೆಲ್ಲಿ ನೆಲದ ತುಂಬ ಉರುಳಿದವು. ಆರಿಸಿ ಎಣಿಸಿದಳು. ತೊಂಬತ್ತೈದು. ಮತ್ತೆ ಎಣಿಸಿದಳು. ಕೊನೆಗೆ ಮಂಡಿಯೂರಿ, ಮೊಬೈಲಿನ ಬೆಳಕು ಹಿಡಿದು, ಸೋಫಾದ ಅಡಿಗೆ ತಲೆ ತೂರಿಸಿದಳು.

ಕೆಂಪಕ್ಕ ಓಲೆಯ ತಿರುಪನ್ನು ಬಿಗಿಮಾಡಿಕೊಂಡಳು.

“ನಿಧಾನವಾಗಿ ಹುಡುಕಿ ಬೀಗ್ರೇ. ಒಂದು ಕಮ್ಮಿಯಾದ್ರೂ ಅದು ತೊಲ ಅಲ್ಲ.”

ತೊಂಬತ್ತಾರನೆಯ ಕಾಳು ಕೆಂಪಕ್ಕನ ಕಾಲ ಹೆಬ್ಬೆರಳಿನ ಕೆಳಗೆ ತಣ್ಣಗೆ ಕುಳಿತಿತ್ತು. ಅವಳು ಕಾಲು ಕದಲಿಸಲಿಲ್ಲ.